ಅರಬ್, ಅಮಾಜಿಗ್ ಮನೆಯ ಮಕ್ಕಳು ಹೊರನಾಡಿನಲ್ಲಿ ಪತ್ರಕರ್ತರಾಗಲು: ಯಾವ ದಾರಿ ಯಾರಿಗೆ?

ಬ್ರಸೆಲ್ಸ್‌ನಲ್ಲಿ ಕೆಲಸದಲ್ಲಿರುವ ಕನ್ನಡಿಗ ಓದುಗರೊಬ್ಬರು ತಮ್ಮ ಸಹೋದ್ಯೋಗಿಯ ಮಗಳ ಪರವಾಗಿ ಒಂದು ಪ್ರಶ್ನೆ ಕೇಳಿದ್ದಾರೆ. ಹುಡುಗಿಯ ಅಜ್ಜ ಮೊರಾಕ್ಕೊದ ರಿಫ್ ಗುಡ್ಡಗಾಡಿನವರು. 1964ರಲ್ಲಿ ಬೆಲ್ಜಿಯಂ ಮತ್ತು ಮೊರಾಕ್ಕೊ ಮಾಡಿಕೊಂಡ ಕಾರ್ಮಿಕ ಒಪ್ಪಂದದ ನಂತರ ಬಂದು ನೆಲೆಯೂರಿದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. ಹುಡುಗಿ ಮನೆಯಲ್ಲಿ ಆಡುವುದು ತಾರಿಫಿತ್ (ಉತ್ತರ ಆಫ್ರಿಕಾದ ಮೂಲನಿವಾಸಿಗಳಾದ ಅಮಾಜಿಗ್ ಅಥವಾ ಬರ್ಬರ್ ಜನರ ನುಡಿಗಳಲ್ಲಿ ಒಂದು), ಶಾಲೆಯಲ್ಲಿ ಕಲಿತದ್ದು ಫ್ರೆಂಚ್, ವಾರಾಂತ್ಯದ ತರಗತಿಯಲ್ಲಿ ಸಿಕ್ಕಿದ್ದು ಒಂದಿಷ್ಟು ಅರಬ್ಬಿ. ಅವಳಿಗೆ ಪತ್ರಕರ್ತೆಯಾಗುವ ಆಸೆ. ಪ್ಯಾರಿಸ್ಸೋ, ಲಂಡನ್ನೋ, ದೋಹಾದ ಆನ್‌ಲೈನ್ ಕೋರ್ಸೋ, ಮೊರಾಕ್ಕೊದ ರಬಾತಿಗೇ ಹೋಗಿ ಓದುವುದೋ ಎಂದು ಮನೆಯವರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ಅಪ್ಪನ ಕೈಯಲ್ಲಿ ದುಡ್ಡು ಹೆಚ್ಚಿಲ್ಲ. ಬರ್ಲಿನ್‌ನಲ್ಲಿರುವ ಇನ್ನೊಬ್ಬರು ತಮ್ಮ ಸಿರಿಯನ್ ನೆರೆಯವರ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಕೇಳಿದ್ದಾರೆ.

ಇದು ಒಬ್ಬಳ ಉದ್ಯೋಗದ ಪ್ರಶ್ನೆಯಷ್ಟೇ ಅಲ್ಲ. 2016ರ ಅಕ್ಟೋಬರ್‌ನಲ್ಲಿ ರಿಫ್ ಪ್ರಾಂತದ ಅಲ್ ಹೊಸೀಮಾದಲ್ಲಿ ಮೀನು ಮಾರುವ ಮೊಹ್ಸಿನ್ ಫಿಕ್ರಿ ಎಂಬಾತ ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತಾಗ ಇಡೀ ಪ್ರಾಂತ ಬೀದಿಗಿಳಿಯಿತು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ಗಳಲ್ಲಿದ್ದ ರಿಫ್ ಮೂಲದವರು ಆ ಚಳವಳಿಯನ್ನು ಹೆಚ್ಚಾಗಿ ನೋಡಿದ್ದು ಫೋನಿನ ವಿಡಿಯೊಗಳಲ್ಲಿ. ಆ ವಿಡಿಯೊಗಳಲ್ಲಿ ಯಾವುದು ನಿಜ, ಯಾವುದು ಹಳೆಯದು, ಯಾವುದು ಬೇರೆ ಊರಿನದು ಎಂದು ಅವರದೇ ಭಾಷೆಯಲ್ಲಿ ವಿಚಾರಿಸಿ ಹೇಳಬಲ್ಲ, ತರಬೇತಿ ಪಡೆದ ವರದಿಗಾರರು ಬೆರಳೆಣಿಕೆಯಷ್ಟು ಮಂದಿ. ಈ ಕೊರತೆ ತುಂಬಬೇಕು ಎನ್ನುವುದು ನನ್ನ ಬಲವಾದ ನಂಬಿಕೆ.

ಶಾಲೆಗಳ ಹೆಸರು ಹಿಡಿದು ಹೊರಡುವ ಮೊದಲು ಅಳತೆಗೋಲು ಗೊತ್ತಾಗಬೇಕು. ಮೊದಲ ಪ್ರಶ್ನೆ: ನಿಮ್ಮ ಓದುಗ ಯಾವ ಭಾಷೆಯಲ್ಲಿ ಸುದ್ದಿ ಕೇಳುತ್ತಾನೆ? ನೀವು ಯಾವ ಭಾಷೆಯಲ್ಲಿ ಬರೆಯಲು ಇಷ್ಟಪಡುತ್ತೀರಿ ಎನ್ನುವುದು ಬೇರೆ ಮಾತು. ಎರಡನೆಯದು, ಆ ದೇಶದ ಪತ್ರಿಕಾ ವೃತ್ತಿ ಆ ಶಾಲೆಯನ್ನು ಒಪ್ಪುತ್ತದೆಯೇ? ಮೂರನೆಯದು ಖರ್ಚು. ಇಲ್ಲಿ ಶುಲ್ಕ ಎಷ್ಟು ಎಂದು ಕೇಳಿದರೆ ಸಾಲದು, ಅದನ್ನು ಕಟ್ಟುವವರು ಯಾರು, ಓದುವಾಗ ಸಂಬಳ ಬರುತ್ತದೆಯೇ ಎಂದೂ ಕೇಳಬೇಕು. ನಾಲ್ಕನೆಯದು, ಕೋರ್ಸಿನ ಎಷ್ಟು ದಿನ ನಿಜವಾದ ಸುದ್ದಿಮನೆಯಲ್ಲಿ ಕಳೆಯುತ್ತದೆ? ಕಡೆಯದು, ಮೂಲ ದೇಶಕ್ಕೆ ಹೋಗಿ ವರದಿ ಮಾಡುವಾಗ ಎದುರಾಗುವ ಕಾನೂನು ಮತ್ತು ಅಪಾಯದ ಬಗ್ಗೆ ಅಲ್ಲಿ ಏನಾದರೂ ಹೇಳಿಕೊಡುತ್ತಾರೆಯೇ? ಈ ಕೊನೆಯದನ್ನು ಬಹಳ ಮಂದಿ ಕೇಳುವುದೇ ಇಲ್ಲ.

ಫ್ರಾನ್ಸ್: ಬಾಗಿಲು ಕಿರಿದು, ಆದರೆ ಏಣಿ ಇದೆ

ಫ್ರೆಂಚ್ ಚೆನ್ನಾಗಿ ಬರುವ ಮಗ್ರೆಬ್ (ಮೊರಾಕ್ಕೊ, ಅಲ್ಜೀರಿಯಾ, ಟುನೀಸಿಯಾ ಕಡೆಯ) ಮೂಲದ ಯುವಕ ಯುವತಿಯರಿಗೆ ನಾನು ಮೊದಲು ತೋರಿಸುವ ದಾರಿ ಇದು. ಫ್ರಾನ್ಸಿನಲ್ಲಿ ಪತ್ರಿಕೋದ್ಯಮ ಶಾಲೆಗಳು ಲೆಕ್ಕವಿಲ್ಲದಷ್ಟಿವೆ. ಪತ್ರಿಕಾ ಸಂಸ್ಥೆಗಳ ಮಾಲೀಕರು ಮತ್ತು ಪತ್ರಕರ್ತರ ಸಂಘಗಳು ಸೇರಿದ ಜಂಟಿ ಆಯೋಗ ಮನ್ನಣೆ ಕೊಟ್ಟಿರುವುದು ಮಾತ್ರ ಹದಿನಾಲ್ಕು ಶಾಲೆಗಳಿಗೆ. 1924ರಲ್ಲಿ ಶುರುವಾದ ಲೀಲ್ ನಗರದ ಶಾಲೆ, 1946ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಿ.ಎಫ್.ಜೆ., ಸ್ಟ್ರಾಸ್‌ಬರ್ಗ್, ಬೋರ್ದೋ, ಗ್ರೆನೋಬಲ್, ತೂರ್, ಮಾರ್ಸೇಗಳಲ್ಲಿ ವಿಶ್ವವಿದ್ಯಾಲಯಗಳ ಜೊತೆಗಿರುವ ಸರ್ಕಾರಿ ಶಾಲೆಗಳು ಈ ಪಟ್ಟಿಯಲ್ಲಿವೆ.

ಮನ್ನಣೆಯಿಂದ ಏನು ಲಾಭ? ಫ್ರಾನ್ಸಿನಲ್ಲಿ ಪ್ರೆಸ್ ಕಾರ್ಡ್ ಸಿಗಲು ಪದವಿ ಬೇಕಿಲ್ಲ, ಆದಾಯದ ಹೆಚ್ಚಿನ ಪಾಲು ಪತ್ರಿಕೋದ್ಯಮದಿಂದಲೇ ಬರುತ್ತಿರಬೇಕು, ಅಷ್ಟೆ. ಆದರೆ ಹೊಸಬರು ಎರಡು ವರ್ಷ ತರಬೇತಿ ಹಂತದ ಕಾರ್ಡಿನಲ್ಲಿ ಇರಬೇಕಾಗುತ್ತದೆ. ಮನ್ನಣೆ ಪಡೆದ ಶಾಲೆಯಿಂದ ಬಂದವರಿಗೆ ಅದು ಒಂದೇ ವರ್ಷ. ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಬೇಸಿಗೆ ರಜೆಯಲ್ಲಿ ತಾತ್ಕಾಲಿಕವಾಗಿ ಜನ ಬೇಕಾದಾಗ ದೊಡ್ಡ ಪತ್ರಿಕೆ, ರೇಡಿಯೊ, ಟಿ.ವಿ.ಗಳು ಮೊದಲು ಫೋನ್ ಮಾಡುವುದು ಈ ಶಾಲೆಗಳಿಗೇ. ಆ ಎರಡು ತಿಂಗಳ ಬದಲಿ ಕೆಲಸದಿಂದಲೇ ಎಷ್ಟೋ ಜನರ ವೃತ್ತಿ ಶುರುವಾಗಿದೆ.

ಮನ್ನಣೆಯಿಲ್ಲದ ಖಾಸಗಿ ಶಾಲೆಗಳ ಬಗ್ಗೆ ಒಂದು ಎಚ್ಚರಿಕೆ. ಹೊಳೆಯುವ ಸ್ಟುಡಿಯೊ, ಟಿ.ವಿ.ಯಲ್ಲಿ ಕಂಡ ಮುಖಗಳ ಉಪನ್ಯಾಸ, ವರ್ಷಕ್ಕೆ ಹಲವು ಸಾವಿರ ಯೂರೋ ಶುಲ್ಕ. ಪ್ರವೇಶ ಸುಲಭವಾಗಿ ಸಿಗುತ್ತದೆ ಎನ್ನುವುದೇ ಅವುಗಳ ಆಕರ್ಷಣೆ. ಮೊದಲ ತಲೆಮಾರಿನಲ್ಲಿ ಕಾಲೇಜು ಕಂಡ ಕುಟುಂಬಗಳೇ ಇದಕ್ಕೆ ಹೆಚ್ಚು ಬಲಿಬೀಳುತ್ತವೆ, ಏಕೆಂದರೆ ಮನ್ನಣೆಯ ಪಟ್ಟಿ ಎಂಬುದೊಂದು ಇದೆ ಎಂದು ಅವರಿಗೆ ಹೇಳುವವರು ಯಾರೂ ಇರುವುದಿಲ್ಲ. ಸಾಲ ಮಾಡಿ ಶುಲ್ಕ ಕಟ್ಟುವ ಮೊದಲು ಆ ಪಟ್ಟಿಯನ್ನು ನೋಡಿ. ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಹೆಸರು ಹಿಡಿದು ಕೇಳಿ.

ಒಳ್ಳೆಯ ಶಾಲೆಗಳ ಪ್ರವೇಶ ಪರೀಕ್ಷೆ ಕಠಿಣ. ಪ್ರಚಲಿತ ವಿದ್ಯಮಾನ, ಫ್ರೆಂಚ್ ಬರವಣಿಗೆ, ಇಂಗ್ಲಿಷ್, ಸ್ಥಳದಲ್ಲೇ ವರದಿ, ಸಂದರ್ಶನ ಎಲ್ಲವನ್ನೂ ದಾಟಬೇಕು. ದುಡ್ಡಿದ್ದವರು ಇದಕ್ಕೂ ಕೋಚಿಂಗ್ ಪಡೆಯುತ್ತಾರೆ. ಈ ಅಸಮಾನತೆಯನ್ನು ಮುರಿಯಲೆಂದೇ ಹುಟ್ಟಿದ ಎರಡು ಪ್ರಯತ್ನಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದು, ಸಿ.ಎಫ್.ಜೆ.ಯ ಹಳೆಯ ವಿದ್ಯಾರ್ಥಿಗಳು 2007ರಲ್ಲಿ ಕಟ್ಟಿದ ‘ಲಾ ಶಾನ್ಸ್’. ಆದಾಯದ ಆಧಾರದ ಮೇಲೆ ವಿದ್ಯಾರ್ಥಿವೇತನ ಪಡೆಯುವವರಿಗೆ ಕೆಲಸದಲ್ಲಿರುವ ಪತ್ರಕರ್ತರೇ ಉಚಿತವಾಗಿ ಪಾಠ ಹೇಳುತ್ತಾರೆ. ಪ್ಯಾರಿಸ್ ಅಲ್ಲದೆ ತುಲೂಸ್, ಸ್ಟ್ರಾಸ್‌ಬರ್ಗ್, ಮಾರ್ಸೇ ಮುಂತಾದ ಕಡೆಯೂ ತರಗತಿಗಳಿವೆ. ಇನ್ನೊಂದು, ಲೀಲ್ ಶಾಲೆ ಮತ್ತು ‘ಬೋಂದಿ ಬ್ಲಾಗ್’ ಸೇರಿ 2009ರಲ್ಲಿ ಶುರುಮಾಡಿದ ಸಿದ್ಧತಾ ತರಗತಿ. 2005ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಹೊರವಲಯ ಗಲಭೆಯಲ್ಲಿ ಹೊತ್ತಿ ಉರಿಯುತ್ತಿದ್ದಾಗ, ಸ್ವಿಸ್ ವಾರಪತ್ರಿಕೆಯೊಂದರ ವರದಿಗಾರರು ಅಲ್ಲಿನ ಬೋಂದಿ ಎಂಬ ಊರಿನಲ್ಲೇ ಉಳಿದು ಅಲ್ಲಿಂದಲೇ ಬರೆಯತೊಡಗಿದರು. ನಂತರ ಆ ಕೆಲಸವನ್ನು ಊರಿನ ಹುಡುಗರ ಕೈಗೇ ಕೊಟ್ಟರು. ಈ ಸಿದ್ಧತಾ ತರಗತಿಯ ಬೇರು ಅಲ್ಲಿದೆ.

ಖರ್ಚಿನ ಲೆಕ್ಕ ಹೀಗೆ. ಸರ್ಕಾರಿ ಶಾಲೆಯಾದರೆ ಫ್ರಾನ್ಸ್ ಮತ್ತು ಯುರೋಪಿನ ಒಕ್ಕೂಟದವರಿಗೆ ವರ್ಷಕ್ಕೆ ಕೆಲವು ನೂರು ಯೂರೋ ಸಾಕು. ಕೆಲವು ಶಾಲೆಗಳಲ್ಲಿ ಅಪ್ರೆಂಟಿಸ್ ಒಪ್ಪಂದದ ಅವಕಾಶವಿದೆ: ಕೆಲವು ವಾರ ತರಗತಿ, ಕೆಲವು ವಾರ ಸುದ್ದಿಮನೆ. ಆಗ ಶುಲ್ಕ ನಿಮ್ಮ ಮೇಲೆ ಬೀಳುವುದಿಲ್ಲ, ತಿಂಗಳಿಗೆ ಸಂಬಳವೂ ಬರುತ್ತದೆ. ವಯಸ್ಸು ಮೂವತ್ತರೊಳಗಿರಬೇಕು. ಮನೆಯ ಬೆಂಬಲವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ. ತೊಂದರೆ ಇಷ್ಟೆ: ನಿಮ್ಮನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವ ಸಂಸ್ಥೆಯನ್ನು ಬಹುಮಟ್ಟಿಗೆ ನೀವೇ ಹುಡುಕಿಕೊಳ್ಳಬೇಕು, ಪರಿಚಯಸ್ಥರಿಲ್ಲದವರಿಗೆ ಅದು ಸುಲಭವಲ್ಲ. ಲಾ ಶಾನ್ಸ್‌ನಂಥ ಬಳಗ ಪರೀಕ್ಷೆಯ ನಂತರವೂ ಉಪಯೋಗಕ್ಕೆ ಬರುವುದು ಇಲ್ಲೇ.

ಮತ್ತೊಂದು ಮಾತು, ಇದು ಸೂಕ್ಷ್ಮವಾದದ್ದು. ಫ್ರಾನ್ಸಿನ ಸುದ್ದಿಮನೆ ಸೇರಿದ ಅರಬ್ ಹೆಸರಿನ ಹುಡುಗಿಗೆ ಮೊದಲ ತಿಂಗಳಿಂದಲೇ ಹಿಜಾಬು, ಉಪನಗರದ ಗಲಾಟೆ, ಭಯೋತ್ಪಾದನೆಯ ವರದಿಗಳನ್ನೇ ಹಚ್ಚುವ ಅಪಾಯವಿದೆ. ಶಾಲೆಯಲ್ಲಿರುವಾಗಲೇ ಇನ್ನೊಂದು ವಿಷಯದಲ್ಲಿ ಹಿಡಿತ ಸಾಧಿಸಿಕೊಳ್ಳಿ: ನ್ಯಾಯಾಲಯ, ಆರೋಗ್ಯ, ಬಜೆಟ್ಟು, ದತ್ತಾಂಶ, ಯಾವುದಾದರೂ. ಆಗ ಸಮುದಾಯದ ಸುದ್ದಿಯನ್ನು ಬರೆಯುವುದು ನಿಮ್ಮ ಆಯ್ಕೆಯಾಗುತ್ತದೆ.

ಬೆಲ್ಜಿಯಂ, ನೆದರ್‌ಲ್ಯಾಂಡ್ಸ್

ಬ್ರಸೆಲ್ಸ್‌ನ ಹುಡುಗಿಗೆ ಊರು ಬಿಡದೆ ಓದುವ ದಾರಿಯೂ ಇದೆ. ಬ್ರಸೆಲ್ಸ್‌ನ ಫ್ರೆಂಚ್ ಭಾಷೆಯ ವಿಶ್ವವಿದ್ಯಾಲಯ ಯು.ಎಲ್.ಬಿ. ಮತ್ತು ಐ.ಎಚ್.ಇ.ಸಿ.ಎಸ್. ಎಂಬ ಸಂವಹನ ಸಂಸ್ಥೆ ಎರಡರಲ್ಲೂ ಪತ್ರಿಕೋದ್ಯಮದ ಸ್ನಾತಕೋತ್ತರ ಪದವಿಯಿದೆ. ಶುಲ್ಕ ಫ್ರಾನ್ಸಿನ ಖಾಸಗಿ ಶಾಲೆಗಳಿಗಿಂತ ಬಹಳ ಕಡಿಮೆ. ಬೆಲ್ಜಿಯಂನಲ್ಲಿ 1963ರ ಕಾನೂನೊಂದು ‘ವೃತ್ತಿನಿರತ ಪತ್ರಕರ್ತ’ ಎಂಬ ಬಿರುದನ್ನು ಕಾಪಾಡುತ್ತದೆ, ಅದು ಸಿಗುವುದು ಕೆಲಸದ ಅನುಭವದಿಂದ. ಮನೆಯಲ್ಲಿದ್ದು ಓದಿದರೆ ಬಾಡಿಗೆ ಉಳಿಯುತ್ತದೆ, ಜೊತೆಗೆ ಮೊಲೆನ್‌ಬೀಕ್, ಸ್ಕಾರ್‌ಬೀಕ್‌ನಂಥ ಬಡಾವಣೆಗಳಲ್ಲಿ ಅವಳಿಗಿರುವ ಸಂಪರ್ಕವೂ ಉಳಿಯುತ್ತದೆ. ಪ್ಯಾರಿಸ್ ಮತ್ತು ಬ್ರಸೆಲ್ಸ್‌ನ 2015-16ರ ಭಯೋತ್ಪಾದಕ ದಾಳಿಗಳ ನಂತರ ಜಗತ್ತಿನ ಪತ್ರಕರ್ತರೆಲ್ಲ ಮೊಲೆನ್‌ಬೀಕ್‌ಗೆ ಬಂದು ಹೋದರು. ಆ ಬಡಾವಣೆಯನ್ನು ಒಳಗಿನಿಂದ ಬಲ್ಲ ವರದಿಗಾರರ ಅಗತ್ಯ ಈಗಲೂ ಹಾಗೇ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಉಟ್ರೆಕ್ಟ್ ಮತ್ತು ಟಿಲ್‌ಬರ್ಗ್‌ನ ವೃತ್ತಿಪರ ಕಾಲೇಜುಗಳು ನಾಲ್ಕು ವರ್ಷದ ಪದವಿ ಕೊಡುತ್ತವೆ, ಅದರೊಳಗೇ ದೀರ್ಘ ಇಂಟರ್ನ್‌ಶಿಪ್ ಬರುತ್ತದೆ. ಡಚ್ ಬಾರದವರು ಆ ಕಡೆ ನೋಡುವುದೇ ಬೇಡ.

ಬ್ರಿಟನ್: ಪದವಿಗಿಂತ ಡಿಪ್ಲೊಮಾ ಮುಖ್ಯ

ಬ್ರಿಟನ್ನಿನಲ್ಲಿ ಸ್ಥಳೀಯ ಪತ್ರಿಕೆಗಳು ಕೇಳುವುದು 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ತರಬೇತಿ ಮಂಡಳಿ ಎನ್.ಸಿ.ಟಿ.ಜೆ.ಯ ಡಿಪ್ಲೊಮಾ. ಮಾಧ್ಯಮ ಕಾನೂನು, ಸ್ಥಳೀಯಾಡಳಿತ, ನ್ಯಾಯಾಲಯದ ವರದಿಯ ಜೊತೆಗೆ ನಿಮಿಷಕ್ಕೆ 100 ಪದದ ಶಾರ್ಟ್‌ಹ್ಯಾಂಡ್ ಅನ್ನು ಇವತ್ತಿಗೂ ಅಲ್ಲಿ ಬೆಲೆಯಿಟ್ಟು ಕಲಿಸುತ್ತಾರೆ. ಸ್ನಾತಕೋತ್ತರ ಪದವಿಗೆ ಹತ್ತು ಸಾವಿರ ಪೌಂಡಿಗೂ ಮೇಲೆ ಆಗುವಾಗ, ಕೆಲವೇ ತಿಂಗಳ ಡಿಪ್ಲೊಮಾ ಕೋರ್ಸು ಅಗ್ಗ, ಕೆಲಸಕ್ಕೂ ಹತ್ತಿರ. ಅದೇ ಮಂಡಳಿಯ ಮೂಲಕ 2005ರಿಂದ ನಡೆಯುತ್ತಿರುವ ವೈವಿಧ್ಯ ನಿಧಿ, ಅನುಕೂಲವಿಲ್ಲದ ಮನೆಯವರಿಗೆ ಶುಲ್ಕ ಕಟ್ಟುತ್ತದೆ, ಕೆಲವೊಮ್ಮೆ ಜೀವನವೆಚ್ಚಕ್ಕೂ ನೆರವಾಗುತ್ತದೆ. ಲಂಡನ್ನಿನ ಯಮನಿ, ಇರಾಕಿ, ಮೊರಾಕ್ಕೊ ಮೂಲದ ಮಕ್ಕಳು ಅರ್ಜಿ ಹಾಕಲೇಬೇಕಾದದ್ದು ಇದು.

ಬಿ.ಬಿ.ಸಿ. ಅರಬ್ಬಿ ವಿಭಾಗ ಸೇರುವುದೊಂದೇ ಗುರಿ ಎಂದು ಹೊರಡುವವರಿಗೆ ಒಂದು ಮಾತು. 1938ರ ಜನವರಿಯಲ್ಲಿ ಶುರುವಾದ ಬಿ.ಬಿ.ಸಿ. ಅರಬ್ಬಿ ರೇಡಿಯೊ 2023ರ ಜನವರಿಯಲ್ಲಿ ನಿಂತುಹೋಯಿತು. ಅಮೆರಿಕ ಸರ್ಕಾರದ ಹಣದಿಂದ ನಡೆಯುತ್ತಿದ್ದ ಅಲ್ ಹುರ್ರಾ ವಾಹಿನಿ 2025ರ ಏಪ್ರಿಲ್‌ನಲ್ಲಿ ಬಹುಪಾಲು ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು. ಸರ್ಕಾರಗಳ ವಿದೇಶಾಂಗ ಬಜೆಟ್ಟನ್ನು ನಂಬಿದ ಸುದ್ದಿಮನೆಗಳು ಹೀಗೆ ಒಂದೇ ಆದೇಶಕ್ಕೆ ಅಲುಗಾಡುತ್ತವೆ. ಅಂಥ ಕಡೆ ಕೆಲಸ ಸಿಕ್ಕರೆ ಸಂತೋಷದಿಂದ ಮಾಡಿ, ಆದರೆ ನೀವಿರುವ ದೇಶದ ಭಾಷೆಯಲ್ಲೂ ಬೈಲೈನ್, ಅಂದರೆ ನಿಮ್ಮ ಹೆಸರಿನ ವರದಿ, ಇರಲಿ.

ಜರ್ಮನಿ: ಭಾಷೆ ದಾಟಿದರೆ ಸಂಬಳದೊಡನೆ ಕಲಿಕೆ

ಜರ್ಮನಿಯಲ್ಲಿ ಪತ್ರಕರ್ತ ಎಂದು ಕರೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಸುದ್ದಿಮನೆಗೆ ರೂಢಿಯ ಪ್ರವೇಶದ್ವಾರ ಎಂದರೆ ‘ಫೊಲೊಂಟಾರಿಯಾಟ್’, ಅಂದರೆ ಪತ್ರಿಕೆ ಅಥವಾ ಪ್ರಸಾರ ಸಂಸ್ಥೆಯಲ್ಲೇ ಒಂದೂವರೆ ಎರಡು ವರ್ಷ ಸಂಬಳ ಪಡೆಯುತ್ತ ವಿಭಾಗದಿಂದ ವಿಭಾಗಕ್ಕೆ ಓಡಾಡಿ ಕಲಿಯುವುದು. ಇಲ್ಲಿ ಜರ್ಮನ್ ಬರವಣಿಗೆ ತಪ್ಪಿಲ್ಲದಿರಬೇಕು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಇದು ತಕ್ಕ ದಾರಿ. 2009ರಲ್ಲಿ ಹುಟ್ಟಿದ ‘ನೊಯೆ ಡಾಯ್ಚೆ ಮೀಡಿಯನ್‌ಮಾಖರ್’ ಎಂಬ ವಲಸೆ ಮೂಲದ ಪತ್ರಕರ್ತರ ಸಂಘ ಹೊಸಬರಿಗೆ ಹಿರಿಯರ ಮಾರ್ಗದರ್ಶನ ಒದಗಿಸುತ್ತದೆ.

2015ರ ನಂತರ ಬಂದ, ಸಿರಿಯಾದಲ್ಲಿ ಆಗಲೇ ವರದಿಗಾರರಾಗಿದ್ದವರ ಪರಿಸ್ಥಿತಿ ಬೇರೆ. ಅವರಿಗೆ ಪತ್ರಿಕೋದ್ಯಮದ ಅ ಆ ಇ ಈ ಕಲಿಸುವುದು ಅವಮಾನ. ಅವರಿಗೆ ಬೇಕಾದದ್ದು ಜರ್ಮನಿಯ ಆಡಳಿತ ಹೇಗೆ ನಡೆಯುತ್ತದೆ, ಮಾಹಿತಿ ಯಾರನ್ನು ಕೇಳಬೇಕು ಎಂಬ ತಿಳಿವಳಿಕೆ ಮತ್ತು ತಮ್ಮ ಭಾಷೆಯಲ್ಲಿ ಬರೆಯಲು ಒಂದು ಜಾಗ. ಬರ್ಲಿನ್‌ನ ಪ್ರಾಟೆಸ್ಟಂಟ್ ಪತ್ರಿಕೋದ್ಯಮ ಶಾಲೆಯ ಆಸರೆಯಲ್ಲಿ 2017ರಲ್ಲಿ ಶುರುವಾದ ‘ಅಮಲ್ ಬರ್ಲಿನ್’ ಅದನ್ನೇ ಮಾಡಿತು: ಬಂದ ಪತ್ರಕರ್ತರೇ ಬರ್ಲಿನ್‌ನ ಸ್ಥಳೀಯ ಸುದ್ದಿಯನ್ನು ಅರಬ್ಬಿ ಮತ್ತು ಫಾರ್ಸಿಯಲ್ಲಿ ಬರೆದರು. ಬರ್ಲಿನ್ ಓದುಗರ ನೆರೆಯವರು ಮೊದಲು ತಟ್ಟಬೇಕಾದ ಬಾಗಿಲು ಇದು. ಇದೇ ಬಗೆಯ ನೆರವಿಗೆ ಪ್ಯಾರಿಸ್‌ನಲ್ಲಿ, ದೇಶ ಬಿಟ್ಟು ಬಂದ ಪತ್ರಕರ್ತರಿಗೆ ವಸತಿ ಕೊಡುವ ‘ಮೇಜೋಂ ದೆ ಜುರ್ನಲಿಸ್ತ್’ ಇದೆ. ಲಂಡನ್ ಕಾಲೇಜ್ ಆಫ್ ಕಮ್ಯುನಿಕೇಶನ್‌ನಲ್ಲಿ 2016ರಲ್ಲಿ ಆರಂಭವಾದ ನಿರಾಶ್ರಿತ ಪತ್ರಕರ್ತರ ಯೋಜನೆಯೂ ಇದೇ ಸಾಲಿನದು.

ದೋಹಾ, ಅಮ್ಮಾನ್: ಅರಬ್ಬಿಯಲ್ಲೇ ಕಸುಬು

ಬರೆಯುವ ಭಾಷೆ ಅರಬ್ಬಿಯೇ ಎಂದಾದರೆ ಯುರೋಪಿನ ಯಾವ ಶಾಲೆಯೂ ಪೂರ್ತಿ ಕೈಹಿಡಿಯುವುದಿಲ್ಲ. 2004ರಲ್ಲಿ ಶುರುವಾದ ಅಲ್ ಜಝೀರಾ ಮಾಧ್ಯಮ ಸಂಸ್ಥೆ ಅರಬ್ಬಿಯಲ್ಲಿ ಆನ್‌ಲೈನ್ ಪಾಠಗಳನ್ನು ಉಚಿತವಾಗಿ ಕೊಡುತ್ತದೆ. ಸುದ್ದಿ ಬರವಣಿಗೆ, ಮೊಬೈಲ್ ವಿಡಿಯೊ, ಸುಳ್ಳು ಪತ್ತೆ ಇವುಗಳಿಗೆ ಅವು ಬಹಳ ಉಪಯುಕ್ತ. ಆದರೆ ಅಲ್ಲಿನ ಪ್ರಮಾಣಪತ್ರ ತೋರಿಸಿದರೆ ಬ್ರಸೆಲ್ಸ್‌ನಲ್ಲಿ ಕೆಲಸ ಸಿಗುವುದಿಲ್ಲ. ಸಂಸ್ಥೆ ನಡೆಯುವುದು ಕತಾರ್ ಸರ್ಕಾರದ ಹಣದಿಂದ ಎಂಬುದೂ ನೆನಪಿರಲಿ. ಜೋರ್ಡಾನಿನ ಅಮ್ಮಾನಿನಲ್ಲಿ 2005ರಿಂದ ಕೆಲಸ ಮಾಡುತ್ತಿರುವ ‘ಅರೀಜ್’ ತನಿಖಾ ವರದಿಗಾರರ ಜಾಲ. ಕೈಯಲ್ಲಿ ಒಂದು ಒಳ್ಳೆಯ ತನಿಖೆಯ ಎಳೆ ಇದ್ದವರಿಗೆ ಸಂಪಾದಕೀಯ ಮಾರ್ಗದರ್ಶನವನ್ನೂ ಧನಸಹಾಯವನ್ನೂ ಅದು ಕೊಡುತ್ತದೆ. ತೀರಾ ಹೊಸಬರಿಗಿಂತ, ನಾಲ್ಕಾರು ವರ್ಷ ಪಳಗಿದವರಿಗೆ ಅದರಿಂದ ಲಾಭ ಹೆಚ್ಚು.

ರಬಾತಿನ ಸರ್ಕಾರಿ ಸಂಸ್ಥೆ ಐ.ಎಸ್.ಐ.ಸಿ. ಅಥವಾ ಅಲ್ಜಿಯರ್ಸ್‌ನ ಪತ್ರಿಕೋದ್ಯಮ ಶಾಲೆಗೆ ಹೋಗುವ ಯೋಚನೆಗೆ ನನ್ನ ಬೆಂಬಲ ಅರ್ಧ ಮಾತ್ರ. ಅರಬ್ಬಿ ಗಟ್ಟಿಯಾಗುತ್ತದೆ, ಖರ್ಚು ಕಡಿಮೆ, ದೇಶದ ಒಳಗು ತಿಳಿಯುತ್ತದೆ. ಆದರೆ ಯುರೋಪಿಗೆ ಮರಳಿದಾಗ ಆ ಪದವಿಗೆ ಸುದ್ದಿಮನೆಯ ನಂಟು ಇರುವುದಿಲ್ಲ. ವಿನಿಮಯ ಕಾರ್ಯಕ್ರಮದಲ್ಲಿ ಒಂದು ಸೆಮಿಸ್ಟರ್ ಹೋಗಿಬರುವುದು ಹೆಚ್ಚು ಜಾಣತನ.

ಅಟ್ಲಾಂಟಿಕ್ ಆಚೆಯದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಮೊದಲ ಅರಬ್ಬಿ ಪತ್ರಿಕೆ ಬಂದದ್ದು 1892ರಲ್ಲಿ, ನ್ಯೂಯಾರ್ಕಿನಲ್ಲಿ. ಅದೇ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಈಗ ಪತ್ರಿಕೋದ್ಯಮ ಓದಲು ವಾಸದ ಖರ್ಚು ಸೇರಿ ಒಂದು ಲಕ್ಷ ಡಾಲರ್ ದಾಟುತ್ತದೆ. 2006ರಲ್ಲಿ ತೆರೆದ ನಗರ ವಿಶ್ವವಿದ್ಯಾಲಯದ ನ್ಯೂಮಾರ್ಕ್ ಶಾಲೆ ಅದಕ್ಕಿಂತ ಬಹಳ ಅಗ್ಗ, ಸಮುದಾಯ ಮಾಧ್ಯಮಗಳಿಗೆಂದೇ ಅಲ್ಲೊಂದು ಕೇಂದ್ರವೂ ಇದೆ. ಡಿಯರ್‌ಬಾರ್ನ್‌ನ ಅರಬ್ ಕುಟುಂಬಗಳಿಗಾದರೆ ಮಿಶಿಗನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳೇ ಸಾಕು. ಡೆಟ್ರಾಯ್ಟ್‌ನ ವೇಯ್ನ್ ಸ್ಟೇಟ್‌ನಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ 1985ರಿಂದ ಪತ್ರಿಕೋದ್ಯಮದ ವಿಶೇಷ ಕಾರ್ಯಕ್ರಮವಿದೆ.

ಅಮಾಜಿಗ್ ಭಾಷೆಯನ್ನು ಎಲ್ಲಿ ಕಲಿಯುವುದು?

ಮೇಲಿನ ಯಾವ ಶಾಲೆಯೂ ತಾರಿಫಿತ್‌ನಲ್ಲೋ ಅಲ್ಜೀರಿಯಾದ ಅಮಾಜಿಗ್ ನುಡಿಯಾದ ಕಬೈಲಿಯಲ್ಲೋ ಸುದ್ದಿ ಬರೆಯುವುದನ್ನು ಕಲಿಸುವುದಿಲ್ಲ. ನಮ್ಮ ಕರಾವಳಿಯವರಿಗೆ ಈ ಕಷ್ಟ ಬೇಗ ಅರ್ಥವಾದೀತು: ಮನೆಯಲ್ಲಿ ನಿರರ್ಗಳವಾಗಿ ತುಳು ಆಡುವ ಹುಡುಗನಿಗೆ ತುಳುವಿನಲ್ಲೇ ಬಜೆಟ್ ವರದಿ ಬರೆ ಎಂದರೆ ಪೆನ್ನು ನಿಲ್ಲುತ್ತದೆ. ಅಮಾಜಿಗ್ ಮಾತಾಡುವ ಮಕ್ಕಳಿಗೆ ಲಿಪಿಯ ಆಯ್ಕೆಯೂ ಇದೆ. ಮೊರಾಕ್ಕೊ 2003ರಲ್ಲಿ ತಿಫಿನಾಘ್ ಲಿಪಿಯನ್ನು ಒಪ್ಪಿಕೊಂಡಿತು. ಕಬೈಲಿ ಬರೆಯುವವರು ಬಹುತೇಕ ಲ್ಯಾಟಿನ್ ಅಕ್ಷರ ಬಳಸುತ್ತಾರೆ. 2011ರಲ್ಲಿ ಮೊರಾಕ್ಕೊದ ಸಂವಿಧಾನ, 2016ರಲ್ಲಿ ಅಲ್ಜೀರಿಯಾದ ಸಂವಿಧಾನ ಈ ಭಾಷೆಗೆ ಅಧಿಕೃತ ಸ್ಥಾನ ಕೊಟ್ಟ ಮೇಲೆ ನ್ಯಾಯ, ತೆರಿಗೆ, ಆರೋಗ್ಯದ ಮಾತುಗಳೂ ಇದರಲ್ಲಿ ಬರತೊಡಗಿವೆ. ಅವನ್ನು ತಿಳಿಯದೆ ಸುದ್ದಿ ಓದಿದರೆ ಅರ್ಧ ವಾಕ್ಯ ಫ್ರೆಂಚ್ ಆಗುತ್ತದೆ.

ಆದ್ದರಿಂದ ನನ್ನ ಸಲಹೆ ಸ್ಪಷ್ಟ: ಕಸುಬನ್ನು ಮುಖ್ಯವಾಹಿನಿಯ ಶಾಲೆಯಲ್ಲಿ ಕಲಿಯಿರಿ, ಭಾಷೆಯನ್ನು ಬೇರೆಯಾಗಿ ಕಲಿಯಿರಿ. ಪ್ಯಾರಿಸ್‌ನ ಇನಾಲ್ಕೊ ಸಂಸ್ಥೆ ಅರಬ್ಬಿಯನ್ನೂ ಮಗ್ರೆಬಿನ ಆಡುನುಡಿಗಳನ್ನೂ ಬರ್ಬರ್ ಭಾಷೆಗಳನ್ನೂ ಕಲಿಸುತ್ತದೆ. ಸರ್ಕಾರಿ ಸಂಸ್ಥೆಯಾದ್ದರಿಂದ ಶುಲ್ಕ ಭಾರವಲ್ಲ. ರಬಾತಿನಲ್ಲಿ 2001ರಲ್ಲಿ ಸ್ಥಾಪನೆಯಾದ ರಾಜಮನೆತನದ ಅಮಾಜಿಗ್ ಸಂಸ್ಕೃತಿ ಸಂಸ್ಥೆಯ ಪದಕೋಶಗಳು ಕೈಯಲ್ಲಿರಲಿ. ಮೊರಾಕ್ಕೊದ ತಮಾಜಿಘ್ತ್ ವಾಹಿನಿಯ ಬುಲೆಟಿನ್‌ಗಳನ್ನು ದಿನವೂ ಕೇಳಿ. ಪ್ಯಾರಿಸ್‌ನ ಬರ್ಬರ್ ಟೆಲಿವಿಷನ್, ಬರ್ ಎಫ್.ಎಂ. ರೇಡಿಯೊದಂಥ ಸಮುದಾಯದ ಸುದ್ದಿಮನೆಗಳಲ್ಲಿ ಇಂಟರ್ನ್‌ಶಿಪ್ ಕೇಳಿ ನೋಡಿ. ಇಂಥ ಸಣ್ಣ ಕಡೆ ಸಂಬಳ ಕಡಿಮೆಯಿದ್ದೀತು, ಆದರೆ ಮೊದಲ ವಾರದಿಂದಲೇ ಮೈಕ್ ಕೈಗೆ ಬರುವ ಸಾಧ್ಯತೆ ಹೆಚ್ಚು.

ಇನ್ನು ಸುರಕ್ಷತೆ. ಫ್ರೆಂಚ್ ಕ್ರೀಡಾ ಪತ್ರಕರ್ತ ಕ್ರಿಸ್ತೋಫ್ ಗ್ಲೇಝ್ 2024ರ ಮೇ ತಿಂಗಳಲ್ಲಿ ಅಲ್ಜೀರಿಯಾದ ಕಬೈಲಿಯಾ ಪ್ರಾಂತದ ಫುಟ್‌ಬಾಲ್ ಕ್ಲಬ್ಬಿನ ಬಗ್ಗೆ ಬರೆಯಲು ಹೋಗಿ ತಿಝಿ ಉಝುವಿನಲ್ಲಿ ಬಂಧನಕ್ಕೊಳಗಾದರು. 2025ರ ಜೂನ್‌ನಲ್ಲಿ ಅಲ್ಜೀರಿಯಾದ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿತು. ಕಬೈಲಿಯಾದ ಸ್ವಾತಂತ್ರ್ಯ ಕೇಳುವ ‘ಮಾಕ್’ ಸಂಘಟನೆಯನ್ನು ಅಲ್ಜೀರಿಯಾ 2021ರಲ್ಲಿ ಭಯೋತ್ಪಾದಕ ಪಟ್ಟಿಗೆ ಸೇರಿಸಿದೆ, ಅದರವರೊಡನೆ ಮಾತಾಡಿದರೂ ಕಷ್ಟಕ್ಕೆ ಸಿಲುಕಬಹುದು. ಎರಡು ಪೌರತ್ವ ಇರುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಲ್ಜೀರಿಯಾ ಅವರನ್ನು ತನ್ನ ಪ್ರಜೆ ಎಂದೇ ಕಾಣುತ್ತದೆ. ಶಾಲೆ ಆರಿಸುವಾಗ ವೀಸಾ, ಮೂಲಗಳ ರಕ್ಷಣೆ, ಫೋನಿನ ಭದ್ರತೆಯ ಬಗ್ಗೆ ಪಾಠವಿದೆಯೇ ಎಂದು ನೇರವಾಗಿ ಕೇಳಿ.

ಬ್ರಸೆಲ್ಸ್‌ನ ಹುಡುಗಿಗೆ ನಾನು ಹೇಳುವುದು: ಊರಿನಲ್ಲೇ ಸ್ನಾತಕೋತ್ತರ ಪದವಿ, ಜೊತೆಗೆ ಲೀಲ್‌ನ ಪ್ರವೇಶ ಪರೀಕ್ಷೆಗೆ ಒಮ್ಮೆ ಪ್ರಯತ್ನ. ರೈಲಿನಲ್ಲಿ ಲೀಲ್‌ಗೆ ಮುಕ್ಕಾಲು ಗಂಟೆಯೂ ಬೇಡ. ಅಲ್ಲಿ ಸಿಕ್ಕರೆ ಹೋಗಲಿ, ಸಿಗದಿದ್ದರೆ ನಷ್ಟವಿಲ್ಲ. ದೋಹಾದ ಉಚಿತ ಪಾಠ ಸಂಜೆಗೆ, ತಾರಿಫಿತ್ ಬರವಣಿಗೆ ವಾರಾಂತ್ಯಕ್ಕೆ. ಫ್ರಾನ್ಸಿನಲ್ಲೇ ಇರುವ, ವಿದ್ಯಾರ್ಥಿವೇತನದ ಮೇಲಿರುವ ಹುಡುಗನಾದರೆ ಮೊದಲು ಲಾ ಶಾನ್ಸ್, ನಂತರ ಸರ್ಕಾರಿ ಶಾಲೆ ಅಥವಾ ಅಪ್ರೆಂಟಿಸ್ ಸ್ಥಾನ. ಮೂವತ್ತು ದಾಟಿ, ಮನೆ ಮಕ್ಕಳ ಜವಾಬ್ದಾರಿ ಇರುವವರಿಗೆ ಎರಡು ವರ್ಷದ ಪದವಿ ಬೇಡವೇ ಬೇಡ. ಬ್ರಿಟನ್ನಿನಲ್ಲಿದ್ದರೆ ಚಿಕ್ಕ ಡಿಪ್ಲೊಮಾ, ಬೇರೆಡೆ ಸಮುದಾಯ ರೇಡಿಯೊದಲ್ಲಿ ಅರೆಕಾಲಿಕ ಕೆಲಸ ಮತ್ತು ಅರೀಜ್‌ನ ಮಾರ್ಗದರ್ಶನ ಸಾಕು. ಇವುಗಳಲ್ಲಿ ಯಾವುದನ್ನೇ ಆರಿಸಿದರೂ ಅರ್ಜಿಯ ಗಡುವುಗಳು ತರಗತಿ ಶುರುವಾಗುವ ಎಷ್ಟೋ ತಿಂಗಳ ಮೊದಲೇ ಮುಗಿಯುತ್ತವೆ, ಹಾಗಾಗಿ ಈ ಚಳಿಗಾಲ ಕಳೆಯುವ ಮೊದಲೇ ಆಯಾ ಶಾಲೆಯ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ.